ಚಳಿಯ ಕೆಲಸ ಮಾಡುವ ಕತ್ತರಿ

ಕಾರ್ ರೇಸ್ ಗೆದ್ದವರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ಷಾಂಪೇನ್, ಮೂಲದಲ್ಲಿ ಪ್ಯಾರಿಸ್ ನಗರದ ಪೂರ್ವಕ್ಕಿರುವ ಒಂದು ಸೀಮೆಯ ಹೆಸರು. ಅದು 49 ಡಿಗ್ರಿ ಉತ್ತರ ಅಕ್ಷಾಂಶದ ಚಳಿನಾಡು. ವರ್ಷದ ಸರಾಸರಿ ಉಷ್ಣಾಂಶ 11 ಡಿಗ್ರಿಯ ಆಸುಪಾಸು. ಚಿಗುರೊಡೆದ ದ್ರಾಕ್ಷಿ ಬಳ್ಳಿಯ ಮೇಲೆ ಏಪ್ರಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಆ ವರ್ಷದ ಫಸಲಿಗೆ ಪೆಟ್ಟು ಬಿದ್ದಂತೆಯೇ. ಇಷ್ಟಾದರೂ ಅಲ್ಲಿಯವರು ಚಳಿಯನ್ನು ಬಯ್ಯುವುದಿಲ್ಲ. ಷಾರ್ಡನೆ, ಪಿನೋ ನ್ವಾರ್, ಮ್ಯೂನಿಯೆ ತಳಿಗಳ ಹಣ್ಣು ನಿಧಾನವಾಗಿ ಮಾಗಿ ಹುಳಿ ಉಳಿಸಿಕೊಳ್ಳುವುದು ಆ ಚಳಿಯಿಂದಲೇ. ಬಾಟಲಿಯೊಳಗೆ ಎರಡನೇ ಸಲ ಹುದುಗಿ ನೊರೆ ಕಟ್ಟುವ ವೈನಿಗೆ ಆ ಹುಳಿಯೇ ಬೆನ್ನೆಲುಬು.

ಆ ಸೀಮೆಯ ಬೂಝಿ ಊರಿನ ವೈನ್ ತಜ್ಞ ಜಾರ್ಜ್ ವೆಸೆಲ್ ನಮ್ಮ ನಂದಿ ಬೆಟ್ಟದ ತಪ್ಪಲಿಗೆ ಬಂದಿದ್ದರು. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಕಟ್ಟಿದ ಗ್ರೋವರ್ ವೈನ್‌ಯಾರ್ಡ್ಸ್‌ಗೆ ನೆಲ, ತಳಿ ಆರಿಸುವಲ್ಲಿ ನೆರವಾದವರು ಅವರು. ಬೆಂಗಳೂರು ಬ್ಲೂ ದ್ರಾಕ್ಷಿಯ ಸೀಮೆಗೆ ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್ ಕಾಲಿಟ್ಟವು.

ತೊಡಕು ಇದ್ದದ್ದು ಬಳ್ಳಿಯ ನಿದ್ದೆಯಲ್ಲಿ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ಹದಿಮೂರರ ಅಕ್ಷಾಂಶದಲ್ಲಿ ಅದನ್ನು ಮಲಗಿಸುವವರು ಯಾರು? ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಎರಡು ಸಲ ಕತ್ತರಿ ಹಾಕಬೇಕು. ವಿಜಯಪುರದ ಕಡೆ ಇದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲ್ ಹೊತ್ತಿನ ಚಾಟನಿ ಕಡ್ಡಿ ಬಲಿಯಲು, ಸೆಪ್ಟೆಂಬರ್-ಅಕ್ಟೋಬರಿನದು ಹಣ್ಣಿಗೆ. ಮಳೆ ಕಳೆದು, ರಾತ್ರಿ ತಂಪು ಹಗಲು ಒಣಬಿಸಿಲು ಇರುವ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲು. ಚಳಿಯ ಅರ್ಧ ಕೆಲಸ ಕತ್ತರಿಯದು, ಉಳಿದರ್ಧ ಬೆಟ್ಟದ ಎತ್ತರದ್ದು.

ಎತ್ತರ ಮತ್ತು ಅಕ್ಷಾಂಶದ ಲೆಕ್ಕದಲ್ಲಿ ನಮ್ಮ ಹಾಸನ ಜಿಲ್ಲೆಯೇನೂ ಹಿಂದೆ ಬಿದ್ದಿಲ್ಲ. ಆದರೂ ಈ ತಂಪನ್ನು ನಾವು ಒತ್ತೆಯಿಟ್ಟಿದ್ದು ಆಲೂಗಡ್ಡೆಗೆ. ಜಲಂಧರದ ಬಿತ್ತನೆ ಗಡ್ಡೆ ಎಪಿಎಂಸಿಗೆ ಬಂದಿಳಿದರೆ ಮುಂಗಾರು ಹತ್ತಿರವಾಯಿತೆಂದೇ ಅರ್ಥ. ಆ ಬೆಳೆಯನ್ನು ಕಾಡುವ ಅಂಗಮಾರಿಗೂ ದ್ರಾಕ್ಷಿಯ ಬೂಜುತುಪ್ಪಟ ರೋಗಕ್ಕೂ ದಾಯಾದಿ ಸಂಬಂಧ. ಎರಡೂ ತೇವ ಕಂಡರೆ ಹಬ್ಬುವಂಥವು.

ಫ್ರೆಂಚ್ ದ್ರಾಕ್ಷಿತೋಟದಿಂದ ನಮ್ಮ ಜಿಲ್ಲೆಗೆ ನಿಜವಾಗಿ ಬಂದ ವಸ್ತು ಒಂದಿದೆ: ಬೋರ್ಡೋ ದ್ರಾವಣ. ಬೋರ್ಡೋ ಸೀಮೆಯ ರೈತರು, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜುತುಪ್ಪಟ ರೋಗ ತಗಲದ್ದನ್ನು ವಿಜ್ಞಾನಿ ಮಿಲಾರ್ಡೆ ಗಮನಿಸಿ, 1885ರಲ್ಲಿ ಅದನ್ನು ಔಷಧಿಯೆಂದು ಪ್ರಕಟಿಸಿದರು. ಕಳ್ಳರ ಪುಣ್ಯ! ಇಂದು ಅಡಿಕೆ, ಕಾಫಿ, ಮೆಣಸಿನ ತೋಟಗಳಲ್ಲಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಸಿಂಪಡಿಸುವುದು ಅದನ್ನೇ. ದ್ರಾವಣಕ್ಕೆ ಅದ್ದಿದ ಕಬ್ಬಿಣದ ಚಾಕು ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

ರಾಜ್ಯದ ದ್ರಾಕ್ಷಾರಸ ನೀತಿ 2007ರಲ್ಲಿ ಬಂತು. ಅದನ್ನು ನಂಬಿ ಚನ್ನರಾಯಪಟ್ಟಣದಲ್ಲೋ ಹೊಳೆನರಸೀಪುರದಲ್ಲೋ ವೈನ್ ದ್ರಾಕ್ಷಿ ಹಾಕುವ ಆಸೆ ಯಾರಿಗಾದರೂ ಇದ್ದರೆ, ಮೊದಲು ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಯ ಹಳೆಯ ಲೆಕ್ಕ ತೆಗೆದು ನೋಡಿ. ಅರಕಲಗೂಡಿನ ಮಲೆನಾಡು ಮಗ್ಗುಲಿನವರಂತೂ ಎರಡು ಸಲ ನೋಡಿ. ಆಮೇಲೆ ಕೊಳ್ಳುವ ವೈನರಿಯ ಜೊತೆ ಕರಾರು ಮಾಡಿಕೊಂಡೇ ಗುಂಡಿ ತೋಡಿಸಿ. ಈ ಹಣ್ಣು ಸಂತೆಯಲ್ಲಿ ಮಾರಾಟವಾಗುವಂಥದ್ದಲ್ಲ.