ಬ್ಯಾಟರಿಗೆ ಚಾರ್ಜು ಕೊಡುವಾಗ ಎಚ್ಚರವಿರಲಿ

ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಲ್ಲಿ ಈಗ ಎರಡು ಜಾತಿಯ ಬ್ಯಾಟರಿಗಳಿವೆ. ಬೆನ್ನಿಗೆ ಹೊರುವ ಸ್ಪ್ರೇಯರಿನಲ್ಲಿ ಹೆಚ್ಚಾಗಿ 12 ವೋಲ್ಟಿನ ಸೀಸದ ಬ್ಯಾಟರಿ, ಮರಗಸಿಯ ಗರಗಸದಲ್ಲಿ ಲಿಥಿಯಂ. ಪಿನ್ನು ಹೊಂದಿತೆಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಸಿಕ್ಕಿಸುವುದು ಅಪಾಯಕರ. ಲಿಥಿಯಂನ ಒಂದೊಂದು ಕೋಶವೂ ಸಾಮಾನ್ಯವಾಗಿ 4.2 ವೋಲ್ಟಿಗೆ ತುಂಬುತ್ತದೆ. ಅದನ್ನು ಮೀರಿದರೆ ಒಳಗೇ ಕಾದು, ಹೊಗೆಯುಗುಳಿ ಹೊತ್ತಿಕೊಳ್ಳಬಹುದು.

ಗರಗಸ ತೋಟದಿಂದ ಬಂದೊಡನೆ ಚಾರ್ಜಿಗೆ ಇಡದೆ, ಬ್ಯಾಟರಿ ಪೂರ್ತಿ ತಣಿಯುವವರೆಗೆ ಕಾಯಿರಿ. ಅಡಿಕೆ ಸಿಪ್ಪೆ, ಗೋಣಿಚೀಲ, ಪೆಟ್ರೋಲ್ ಕ್ಯಾನು ಇರುವ ಕಡೆ ಬೇಡವೇ ಬೇಡ. ಸಿಮೆಂಟು ನೆಲದ ಮೇಲೆ, ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ ಇಡುವುದು ಕ್ಷೇಮ. ರಾತ್ರಿ ಹಾಕಿ ಮಲಗುವ ರೂಢಿ ನಮ್ಮಲ್ಲಿ ಬಹಳ. ಹಗಲು ಕರೆಂಟು ನೆಟ್ಟಗಿರುವುದಿಲ್ಲ ಎಂಬುದು ನಿಜವಾದರೂ ಆ ರೂಢಿಯನ್ನು ಬಿಡಬೇಕು. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ ಪ್ಲಗ್ಗು ಕಿತ್ತಿಡಿ. ಉಬ್ಬಿದ, ಬಿದ್ದು ಬಿರುಕು ಬಿಟ್ಟ, ನೀರು ಅಥವಾ ಬೋರ್ಡೋ ದ್ರಾವಣ ಒಳಸೇರಿದ ಲಿಥಿಯಂ ಬ್ಯಾಟರಿಗೆ ಚಾರ್ಜು ಕೊಡಲೇಬಾರದು.

ಕೆಲಸವಿಲ್ಲದ ತಿಂಗಳುಗಳಲ್ಲಿ ಲಿಥಿಯಂ ಅರ್ಧ ಚಾರ್ಜಿನಲ್ಲಿರಲಿ. ಸೀಸದ್ದನ್ನು ಮಾತ್ರ ಪೂರ್ತಿ ತುಂಬಿಸಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜು ಮಾಡಬೇಕು. ಖಾಲಿ ಬಿಟ್ಟರೆ ಒಳಗಿನ ಫಲಕಗಳಿಗೆ ಸಲ್ಫೇಟು ಕಟ್ಟಿ ಕೆಡುತ್ತದೆ. ಹಾಳಾದ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯದೆ ಕೊಂಡ ಅಂಗಡಿಯಲ್ಲಿ ವಿಚಾರಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳ ವಿಲೇವಾರಿಯ ಹೊಣೆ ತಯಾರಕರದು.