ಲೋಟದ ತಳ ಮತ್ತು ಎ ಗ್ರೇಡ್

ಮಹಾರಾಷ್ಟ್ರದಲ್ಲಿ ಏಳನೆಯ, ಎಂಟನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ‘ಎಲಿಮೆಂಟರಿ’ ಎಂದರೆ ಪ್ರಾಥಮಿಕ ಶಾಲೆಯಲ್ಲ, ಚಿತ್ರಕಲೆಯ ಪರೀಕ್ಷೆ. ಇದಾದ ಮೇಲೆ ಇಂಟರ್‌ಮೀಡಿಯೆಟ್. ರಾಜ್ಯದ ಕಲಾ ಸಂಚಾಲನಾಲಯದ ಈ ಪರೀಕ್ಷೆಗಳನ್ನು ನಮ್ಮ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಸೋದರಸಂಬಂಧಿ ಎನ್ನಬಹುದು. ಸ್ಥಿರಚಿತ್ರ, ಸ್ಮರಣಚಿತ್ರ, ಅಲಂಕಾರಿಕ ನಕ್ಷೆ, ಜ್ಯಾಮಿತಿ ಹಾಗೂ ಅಕ್ಷರ ಬರಹ ಇದರ ವಿಷಯಗಳು. ಇಂಟರ್‌ಮೀಡಿಯೆಟ್‌ನಲ್ಲಿ ಗ್ರೇಡ್ ಬಂದರೆ ಎಸ್‌ಎಸ್‌ಸಿ ಫಲಿತಾಂಶಕ್ಕೆ ಹೆಚ್ಚುವರಿ ಅಂಕ ಸೇರುತ್ತದೆ. ಪುಣೆಯ ಗಲ್ಲಿಗಲ್ಲಿಯಲ್ಲೂ ಡ್ರಾಯಿಂಗ್ ಕ್ಲಾಸ್ ಇರುವುದಕ್ಕೆ ಆ ನಾಲ್ಕಾರು ಅಂಕಗಳೂ ಒಂದು ಕಾರಣ. ಹಿಂಜವಡಿಯಲ್ಲಿ ವಾರಕ್ಕೆ ಐದು ದಿನ ಕೋಡ್ ಬರೆಯುವ ನನಗೆ ಶನಿವಾರ, ಭಾನುವಾರ ಅಂಥದೊಂದು ಕ್ಲಾಸಿನಲ್ಲಿ ಅರೆಕಾಲಿಕ ಮಾಸ್ತರಿಕೆ ಸಿಕ್ಕಿದ್ದೂ ಹೀಗೆಯೇ. (2022ರಲ್ಲಿ ಮೂನ್‌ಲೈಟಿಂಗ್ ಗದ್ದಲ ಎದ್ದಾಗ ಕಂಪನಿಯಿಂದ ಲಿಖಿತ ಅನುಮತಿ ಪಡೆದಿಟ್ಟುಕೊಂಡೆ. ಎಚ್‌ಆರ್‌ನವರು ನಕ್ಕೇ ಸಹಿ ಹಾಕಿದರು.)

ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಇರುತ್ತದೆ. ಕ್ಲಾಸಿನಲ್ಲಿ ಹಾಗೆ ಫಾರ್ಮ್ ಇಲ್ಲ, ಆದರೆ ಅಳೆಯುವ ಕೋಲು ಎರಡಿವೆ. ಎಷ್ಟು ಎ ಗ್ರೇಡ್ ಬಂತು ಎಂಬುದು ಒಂದು. ಭಾನುವಾರ ಸಂಜೆ ಪಾಲಕರ ವಾಟ್ಸಾಪ್ ಗ್ರೂಪಿಗೆ ಹೋಗುವ ಚಿತ್ರಗಳು ಎಷ್ಟು ಚೆಂದ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯದೇ ಕಷ್ಟ. ಅನೇಕ ಕ್ಲಾಸುಗಳಲ್ಲಿ ಒಂದು ರೂಢಿ ಇದೆ: ಮಗು ಅರ್ಧ ಬಿಡಿಸಿದ ಮೇಲೆ ಮಾಸ್ತರು ಬಂದು ಎರಡು ಗೆರೆ ತಿದ್ದುತ್ತಾರೆ, ನೆರಳು ಹಾಕುತ್ತಾರೆ, ಮೂಗು ಕಣ್ಣು ಸರಿಮಾಡುತ್ತಾರೆ. ಚಿತ್ರ ಎದ್ದು ಕಾಣುತ್ತದೆ, ಮನೆಯಲ್ಲಿ ಎಲ್ಲರಿಗೂ ಖುಷಿ. ನಾನು ಮಗುವಿನ ಹಾಳೆಯ ಮೇಲೆ ಪೆನ್ಸಿಲ್ ಇಡುವುದಿಲ್ಲ. ತೋರಿಸಬೇಕಾದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟು ತೋರಿಸುತ್ತೇನೆ. ಹಾಗಾಗಿ ನನ್ನ ಬ್ಯಾಚಿನ ಚಿತ್ರಗಳು ಗ್ರೂಪಿನಲ್ಲಿ ಮಂಕಾಗಿ ಕಾಣುತ್ತವೆ. ಈ ಜೂನ್‌ನಲ್ಲಿ ನಾಲ್ವರು ಬೇರೆ ಬ್ಯಾಚಿಗೆ ಹೋದರು. ಕ್ಲಾಸಿನ ಮಾಲೀಕರು ಸಜ್ಜನರು. “ಥೋಡಾ ಹಾತ್ ಲಾವಾ, ಸರ್” ಎಂದರು, ಸ್ವಲ್ಪ ಕೈ ಹಚ್ಚಿ ಎಂದು. ದೀಪಾವಳಿ ತನಕ ನೋಡೋಣ ಎಂದೂ ಹೇಳಿದರು. ಅದರ ಅರ್ಥ ಇಬ್ಬರಿಗೂ ಗೊತ್ತು.

ಹಾಗಾದರೆ ನಾನು ಏನು ಕಲಿಸುತ್ತಿದ್ದೇನೆ? ಇದಕ್ಕೆ ನನ್ನ ಬಳಿ ಇರುವುದು ಒಂದು ಸ್ಟೀಲ್ ಲೋಟ. ಹೊಸ ಮಗು ಬಂದ ದಿನ ಮೇಜಿನ ಮೇಲೆ ಲೋಟ ಇಟ್ಟು, ನೋಡಿ ಬಿಡಿಸು ಎನ್ನುತ್ತೇನೆ. ಹೆಚ್ಚಿನ ಮಕ್ಕಳು ಬಾಯಿಯನ್ನು ಎರಡೂ ಕಡೆ ಚೂಪಾದ ಎಲೆಯಂತೆ ಬಿಡಿಸಿ, ತಳಕ್ಕೆ ಸ್ಕೇಲ್ ಇಟ್ಟಂತೆ ನೇರ ಗೆರೆ ಎಳೆಯುತ್ತಾರೆ. ಲೋಟ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ಅವರಿಗೆ ಗೊತ್ತು, ಗೊತ್ತಿದ್ದದ್ದನ್ನೇ ಬಿಡಿಸುತ್ತಾರೆ. ನಿಜವಾಗಿ ನೋಡಿದರೆ ತಳವೂ ಬಾಗಿದೆ, ಬಾಯಿಗಿಂತ ಹೆಚ್ಚೇ ಬಾಗಿದೆ, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಎರಡು ಗುಡ್ಡದ ನಡುವಿನ ಸೂರ್ಯ, ಪಕ್ಕದಲ್ಲಿ ತೆಂಗಿನ ಮರ ಎಂಬ ಭಾರತದ ಸಕಲ ಮಕ್ಕಳ ಚಿತ್ರವೂ ಹೀಗೆ ಗೊತ್ತಿದ್ದದ್ದರಿಂದಲೇ ಹುಟ್ಟಿದ್ದು. ಧಾರವಾಡ ಕಡೆಯ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು, “ಕಣ್ಣಿಗೆ ಕಂಡದ್ದು ತಗಿಯಲೇ, ತಲ್ಯಾಗ ಇದ್ದದ್ದು ತಗೀಬ್ಯಾಡ” ಎಂದು ಗದರುತ್ತಿದ್ದರು. ಅಮೆರಿಕದ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಇದಕ್ಕೇ ಚಿತ್ರವನ್ನು ತಲೆಕೆಳಗಾಗಿ ಇಟ್ಟು ನಕಲು ಮಾಡುವ ಅಭ್ಯಾಸ ಕೊಟ್ಟರು. ಆಗ ಇದು ಕಣ್ಣು, ಇದು ಕೈ ಎಂದು ತಲೆ ಹೇಳುವುದು ನಿಲ್ಲುತ್ತದೆ, ಬರೀ ಗೆರೆ ಕಾಣುತ್ತದೆ. ಅವರ ಎಡಮೆದುಳು, ಬಲಮೆದುಳಿನ ವಿವರಣೆಯನ್ನು ನರವಿಜ್ಞಾನ ಹಾಗೇ ಒಪ್ಪುವುದಿಲ್ಲ. ಅಭ್ಯಾಸ ಮಾತ್ರ ಕೆಲಸ ಮಾಡುತ್ತದೆ.

ಆರು ತಿಂಗಳ ನಂತರ ಅದೇ ಲೋಟ, ಅದೇ ಮೇಜು. ಎರಡೂ ಹಾಳೆಗಳನ್ನು ಫೈಲಿನಲ್ಲಿ ಒಟ್ಟಿಗೆ ಇಡುತ್ತೇನೆ. ಮೊನ್ನೆ ಹದಿನಾಲ್ಕು ಜೋಡಿ ಹಾಳೆಗಳನ್ನು ನೆಲದ ಮೇಲೆ ಹರಡಿ ಕೂತೆ. ಒಂಬತ್ತು ಮಕ್ಕಳ ತಳ ಬಾಗಿದೆ. ಮೂವರದು ಅರ್ಧಂಬರ್ಧ. ಇಬ್ಬರದು ಹಾಗೇ ನೇರ. ನನ್ನ ಅಪ್ರೈಸಲ್ ಎಂದರೆ ಇದೇ, ಆದರೆ ಇದನ್ನು ವಾಟ್ಸಾಪಿಗೆ ಹಾಕಿದರೆ ಯಾವ ತಾಯಿ ಹೃದಯದ ಗುರುತು ಒತ್ತುತ್ತಾರೆ?

ಪಾಲಕರನ್ನು ದೂರಲು ಮನಸ್ಸಿಲ್ಲ. ಫೀ ಕೊಡುತ್ತಾರೆ, ಜೂನಿಯರ್ ಕಾಲೇಜಿನ ಪ್ರವೇಶದಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ. ಪರೀಕ್ಷೆಯೂ ಕೆಟ್ಟದ್ದಲ್ಲ, ಸ್ಥಿರಚಿತ್ರದ ಪತ್ರಿಕೆ ಕೇಳುವುದು ನಾನು ಕಲಿಸುವುದನ್ನೇ. ತೊಂದರೆ ಗಡಿಯಾರದ್ದು. ನೋಡಲು ಕಲಿತ ಮಗು ಮೊದಮೊದಲು ನಿಧಾನವಾಗುತ್ತದೆ. ಚಿತ್ರ ಚೆನ್ನಾಗಿ ಕಲಿಯುತ್ತಿರುವ ಒಬ್ಬ ಹುಡುಗ ಉಳಿದವರು ಬಣ್ಣ ಮುಗಿಸುವಾಗ ಇನ್ನೂ ಹೂಜಿಯ ಕತ್ತು ಅಳೆಯುತ್ತಿರುತ್ತಾನೆ. ಅವನಿಗೆ ಎ ಬರುವುದು ಕಷ್ಟ. ಬೇಗ ಮುಗಿಸು ಎಂದು ಹೇಳುವುದೂ ನನ್ನದೇ ಕೆಲಸ, ಹೇಳುತ್ತೇನೆ, ಕೊನೆಯ ಅರ್ಧ ಗಂಟೆ ಟೈಮರ್ ಇಟ್ಟು ಅಭ್ಯಾಸ ಮಾಡಿಸುತ್ತೇನೆ. ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ.

ಒಮ್ಮೆ ಅದೇ ಹುಡುಗನಿಗೆ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೋರಿಸಿದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈನ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿದವರು. ಕುಣಿಯುವವರ ದೇಹವನ್ನು ಹರಿಯುವ ಕೆಲವೇ ಗೆರೆಗಳಲ್ಲಿ ಹಿಡಿದವರು. ಹುಡುಗ ಬಹಳ ಹೊತ್ತು ನೋಡಿ ಕೇಳಿದ, “ಸರ್, ಇದಕ್ಕೆ ಪರೀಕ್ಷೆಯಲ್ಲಿ ಯಾವ ಗ್ರೇಡ್ ಕೊಡ್ತಾರೆ?” ನಾನು ನಕ್ಕೆ, ಅವನು ನಗಲಿಲ್ಲ.

ತಳ ಬಾಗದ ಆ ಇಬ್ಬರಲ್ಲಿ ಒಬ್ಬಳು ಒಂದು ದಿನವೂ ತಪ್ಪಿಸದ ಹುಡುಗಿ. ಪೋಸ್ಟರ್ ಕಲರ್ ಬೆರೆಸುವುದರಲ್ಲಿ ನನಗಿಂತ ಚುರುಕು. ಒಂದೇ ಹಸಿರಲ್ಲಿ ಏಳು ಛಾಯೆ ತೆಗೆಯುತ್ತಾಳೆ. ಲೋಟ ಮಾತ್ರ ನೇರ. ಎಷ್ಟು ಸಲ ಹೇಳಿದರೂ “ಹೋ ಸರ್” ಎಂದು ಮತ್ತೆ ನೇರ ಗೆರೆಯನ್ನೇ ಎಳೆಯುತ್ತಾಳೆ. ಹೊಳೆಯುವ ಸ್ಟೀಲಿನಲ್ಲಿ ತಳದ ಹಿಂಭಾಗ ಕಾಣುವುದೇ ಇಲ್ಲವಲ್ಲ, ಅವಳಾದರೂ ಹೇಗೆ ನಂಬಬೇಕು? ಈ ಶನಿವಾರ ಗಾಜಿನ ಲೋಟ ಒಯ್ಯುತ್ತಿದ್ದೇನೆ. ಅರ್ಧ ನೀರು ತುಂಬಿಸಿ ಇಟ್ಟರೆ ಬಾಯಿ, ನೀರಿನ ಮಟ್ಟ, ತಳ, ಮೂರೂ ಒಂದರ ಕೆಳಗೊಂದು ಕಾಣುತ್ತವೆ, ಕೆಳಗಿಳಿದಂತೆ ಒಂದಕ್ಕಿಂತ ಒಂದು ದುಂಡಗೆ.