ಅರವತ್ತಕ್ಕೆ ಅರಳು ಮರಳೇ? ತಡೀರಿ ಸ್ವಾಮಿ!

ಗಲ್ಲಾದ ಮೇಲೆ ಕೂತ ಯಜಮಾನರಿಗೆ ಚಿಲ್ಲರೆ ಕೊಟ್ಟದ್ದು, ಬೀಗ ಹಾಕಿದ್ದು ನೆನಪಿರೋಲ್ಲ. 'ವಯಸ್ಸಾಯ್ತು, ಅರಳು ಮರಳು' ಎಂದು ಮನೆಯವರು ಷರಾ ಬರೆದೇಬಿಡುತ್ತಾರೆ. ಅವಸರ ಬೇಡ! ಊಟ ಸೇರದೆ, ನಿದ್ದೆ ಬಾರದೆ, ಯಾವುದೂ ಬೇಡವೆನಿಸಿ ಎರಡು ವಾರ ಕಳೆದಿದ್ದರೆ ಅದು ಖಿನ್ನತೆಯೂ ಇರಬಹುದು. ಮನಸ್ಸು ಕುಗ್ಗಿದರೆ ಗಮನ ನಿಲ್ಲದು. ಗಮನವಿಲ್ಲದೆ ಮಾಡಿದ್ದು ನೆನಪಿನಲ್ಲಿ ಉಳಿಯದು. ಮುದುಕರ ಖಿನ್ನತೆ ಅಳೆಯಲು ಡಾಕ್ಟರುಗಳು ಕೇಳುವ 15 ಪ್ರಶ್ನೆಗಳಲ್ಲಿ ಮರೆವಿನದೂ ಒಂದು!

ಖಿನ್ನತೆಗೆ ಮದ್ದುಂಟು. ಅದು ಇಳಿದರೆ ಎಷ್ಟೋ ಮಂದಿಗೆ ನೆನಪೂ ಚುರುಕಾಗುತ್ತದೆ. ಆದರೆ ನಿಜವಾದ ಮರೆವಿನ ರೋಗವೂ ಖಿನ್ನತೆಯ ವೇಷದಲ್ಲಿ ಬರುವುದುಂಟು. ಯಾವುದೆಂದು ಹೇಳಬೇಕಾದವರು ಡಾಕ್ಟರು, ಪಕ್ಕದಂಗಡಿಯವರಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದರೆ ಸಲಹೆ ಪುಕ್ಕಟೆ. ಹಿರಿಯರ ಮರೆವನ್ನು ಆಡಿಕೊಂಡು ನಗುವ ಮೊದಲು ಅವರ ಮನಸ್ಸನ್ನೊಮ್ಮೆ ವಿಚಾರಿಸಿ!